ಸಣ್ಣ ಬಾಯಿ, ಜೋರು ನೀರು

ನಮ್ಮ ಚಿಕ್ಕಪ್ಪ ದೆವ್ವವನ್ನಾದರೂ ನಂಬಿಯಾರು, ನಲ್ಲಿಯನ್ನು ನಂಬುವವರಲ್ಲ! ಯುದ್ಧದ ಕಾಲ. ವಿಮಾನದ ಕಾರ್ಖಾನೆಯಲ್ಲಿದ್ದ ಅವರು ಅಲ್ಲಿಂದ ಹಲಸೂರಿನ ಮನೆಗೆ ಹೊತ್ತು ತಂದದ್ದು ಒಂದೇ ಸೂತ್ರ: ಕೊಳವೆಯೊಳಗೆ ಹೋದಷ್ಟೂ ನೀರು ಹೊರಗೆ ಬರಬೇಕು, ಬಾಯಿ ಅಗಲವಾದರೆ ನಿಧಾನ, ಸಣ್ಣದಾದರೆ ಜೋರು. ಬಾರದಿದ್ದರೆ? ಯಾರೋ ಕದ್ದಿದ್ದಾರೆ!

ಹಾಲಿನವನನ್ನೂ ಅವರು ಬಿಡಲಿಲ್ಲ. ಎತ್ತರದಿಂದ ಸುರಿದ ಧಾರೆ ಕೆಳಗಿಳಿಯುತ್ತ ಸಣ್ಣಗಾಗುವುದು ವೇಗ ಹೆಚ್ಚುವುದರಿಂದ ಎಂದು ಚಿಕ್ಕಪ್ಪ ಒಪ್ಪಿಕೊಂಡರು. ಆದರೆ ಪಾವಿನಲ್ಲಿ ಹಾಲಿಗಿಂತ ನೊರೆ ಹೆಚ್ಚುವುದು ಯಾವುದರಿಂದ ಎಂದು ಕೇಳಿದರು. ಮರುದಿನದಿಂದ ಅವನು ಕೂತೇ ಹಾಲು ಅಳೆದ.

ಒಂದು ಬೆಳಿಗ್ಗೆ ಬಚ್ಚಲ ನಲ್ಲಿ ಸಿಕ್ಕಿಬಿತ್ತು. ಚಿಕ್ಕಪ್ಪ ಬೆಂಕಿಕಡ್ಡಿಯಿಂದ ಅದರ ಬಾಯಿ ಅಳೆದರು, ಗಡಿಯಾರ ಹಿಡಿದು ಬಿಂದಿಗೆ ತುಂಬಿಸಿದರು, ಭಾಗಿಸಿ ವೇಗ ತೆಗೆದರು, ಅಂಗಳದ ನಲ್ಲಿಗೂ ಅದನ್ನೇ ಮಾಡಿದರು. ಅಂಗಳದ ನಲ್ಲಿಯಲ್ಲಿ ಬರುವ ನೀರು ಬಚ್ಚಲು ಸೇರುವಷ್ಟರಲ್ಲಿ ಅರ್ಧ ಮಾಯ! ಕೊಳವೆಯ ಗುಂಟ ಹೋದರೆ, ಸೌದೆ ರಾಶಿಯ ಹಿಂದಿನ ಹಳೆಯ ನಲ್ಲಿಗೆ ಒಂದು ರಬ್ಬರ್ ಕೊಳವೆ ಸಿಕ್ಕಿಸಿತ್ತು. ಅದು ಗೋಡೆ ಹಾರಿ ಪಕ್ಕದ ಮನೆಗೆ ಹೋಗಿತ್ತು.

ಪಕ್ಕದವರು ದಂಡಿನ ಪೇಟೆಯಲ್ಲಿ ಬಟ್ಟೆ ವ್ಯಾಪಾರ ಮಾಡುತ್ತಿದ್ದ ಸಾಹೇಬರು. ಅವರ ಹಬ್ಬದ ಶ್ಯಾವಿಗೆ ನಮಗೆ, ನಮ್ಮ ಹೋಳಿಗೆ ಅವರಿಗೆ. ಚಿಕ್ಕಪ್ಪ ಲೆಕ್ಕದ ಚೀಟಿ ಹಿಡಿದು ಅವರನ್ನು ಕರೆಸಿಯೇಬಿಟ್ಟರು. ಇಷ್ಟು ವರ್ಷದ ಸ್ನೇಹ ಇಂದಿಗೆ ಮುಗಿಯಿತೆಂದುಕೊಂಡೆ.

ಚಿಕ್ಕಪ್ಪ ಬಾಯಿ ತೆರೆಯುವ ಮೊದಲೇ ಸಾಹೇಬರು ಕೈ ಮುಗಿದರು.

“ನಾನೇ ಬಂದು ಹೇಳ್ಬೇಕಿತ್ತು, ಸ್ವಾಮಿ. ನಮ್ಮ ನಲ್ಲಿ ನಿಂತೋಗಿದೆ. ನೀವು ಅಮ್ಮನವರ ಕೈಲಿ ನೀರು ಕೊಡಿಸಿದ್ದಕ್ಕೆ ನನ್ನ ಮಗಳ ಬಾಣಂತನ ನಡೀತಿದೆ.”

ಬಾಗಿಲಲ್ಲಿ ನಿಂತಿದ್ದ ಚಿಕ್ಕಮ್ಮ ನೆಲ ನೋಡಿದರು. ಕೇಳಿದರೆ ಗಂಡ ಅದಕ್ಕೂ ಲೆಕ್ಕ ಹಾಕಿಯಾರೆಂದು ಅವರು ಕೇಳದೆಯೇ ಕೊಳವೆ ಸಿಕ್ಕಿಸಲು ಬಿಟ್ಟಿದ್ದರು. ಸಾಹೇಬರು, ಮಗು ಮಾತ್ರ ಬೆಳಗಿನ ಹೊತ್ತು ನೀರು ಬೀಳುವ ಸದ್ದಿಗೆ ಬೆಚ್ಚಿ ಏಳುತ್ತದೆಂದು ನಕ್ಕು, ತಮ್ಮನ್ನು ಕರೆಸಿದ್ದೇಕೆಂದು ಕೇಳಿದರು.

ಚಿಕ್ಕಪ್ಪ ಚೀಟಿಯನ್ನು ಮಡಿಸಿ ಜೇಬಿಗಿಟ್ಟರು. “ಏನಿಲ್ಲ ಸಾಹೇಬ್ರೇ. ಒಂದು ಲೆಕ್ಕ ತಪ್ಪಿತ್ತು.”

ತಮ್ಮ ಲೆಕ್ಕ ತಪ್ಪಿತೆಂದು ಅವರು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವರ ಮೇಲೆ ನನಗೆ ಎಂದೂ ಇಲ್ಲದ ಅಕ್ಕರೆ ಬಂತು.

ಸಂಜೆ ಗುಜರಿಯಿಂದ ದಪ್ಪನೆಯ ರಬ್ಬರ್ ಕೊಳವೆ ತಂದರು. ಈ ಸಲ ಅನುಮಾನ ಚಿಕ್ಕಮ್ಮನದು; ಇದು ಯಾಕೆಂದು ಕೇಳಿದರು.

“ಬಾಯಿ ಅಗಲ ಆದ್ರೆ ನೀರು ಅಷ್ಟೇ ಬರುತ್ತೆ, ನಿಧಾನಕ್ಕೆ ಬರುತ್ತೆ. ಸದ್ದಾಗಲ್ಲ ಕಣೇ.”

ಮರುದಿನ ಗೋಡೆಯಾಚೆ ನೀರು ಬಿದ್ದದ್ದು ನಮಗ್ಯಾರಿಗೂ ಕೇಳಿಸಲಿಲ್ಲ. ಆದರೂ ನಂಬದ ಚಿಕ್ಕಪ್ಪ ಗೋಡೆಗೆ ಕಿವಿಗೊಟ್ಟು ನಿಂತೇ ಇದ್ದರು, ಮಗು ಎದ್ದೀತೇನೋ ಎಂದು.