ಹೊಲಕ್ಕೆ ಹೊದಿಸಿದ ಕೌದಿ

ಹೊಲ ಕೊಳ್ಳಬೇಕೆನ್ನುವವರಿಗೆ ನನ್ನದೊಂದು ಸಲಹೆ ಇದೆ. ನೀವು ಕೇಳಿಲ್ಲ, ಗೊತ್ತು. ಕೇಳಿದವರಿಗೆ ಮಾತ್ರ ಸಲಹೆ ಕೊಡುತ್ತೇನೆಂದು ಕುಳಿತಿದ್ದರೆ ನಾನು ಈ ವಯಸ್ಸಿನವರೆಗೂ ಬಾಯಿ ಮುಚ್ಚಿಕೊಂಡೇ ಇರಬೇಕಾಗುತ್ತಿತ್ತು. ಮಣ್ಣು ನೋಡಿ, ನೀರು ನೋಡಿ, ದಾರಿ ನೋಡಿ. ಆದರೆ ಮೊದಲ ಬೆಳೆ ಕೈಗೆ ಬರುವ ತನಕ ಹೆಂಡತಿಯ ತವರಿಗೆ ಮಾತ್ರ ಸುದ್ದಿ ಮುಟ್ಟಿಸಬೇಡಿ.

ಸೈಕಲ್ಲಿಗೆ ಸೀರೆ ಗಂಟು ಕಟ್ಟಿಕೊಂಡು ಊರೂರು ತಿರುಗಿ, ಕೊನೆಗೆ ಇಳಕಲ್ಲಿನಲ್ಲಿ ಅಂಗಡಿ ಹಾಕಿದವನು ನಾನು. ಚೌಕಾಸಿಯಲ್ಲಿ ನನ್ನನ್ನು ಸೋಲಿಸಿದವರಿಲ್ಲ. ಸಂತೆಯಲ್ಲಿ ನನ್ನ ತಲೆ ಕಂಡರೆ ಬದನೆಕಾಯಿ ಮಾರುವ ಮುದುಕಿ ಬುಟ್ಟಿಯ ಮೇಲೆ ಸೆರಗು ಮುಚ್ಚುತ್ತಿದ್ದಳು. ಎಂಬತ್ತರ ದಶಕದ ನಡುವೆ ಹುನಗುಂದದ ಹತ್ತಿರ ದೊಡ್ಡದೊಂದು ಎರೆಹೊಲ ಕೊಂಡೆ. ಹೆಂಡತಿ ಶಾಂತವ್ವ ಬಾದಾಮಿ ಕಡೆಯ ಒಕ್ಕಲುಮನೆತನದವಳು. ಎಳ್ಳ ಅಮಾವಾಸ್ಯೆಗೆ ನಮ್ಮ ಕಡೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ನಿಂತ ಬೆಳೆಯ ನಡುವೆ ಅಡುಗೆ ಎರಚಿ ಭೂತಾಯಿಗೆ ಉಣಿಸುತ್ತಾರೆ. ಅದೇ ಚರಗ ಚೆಲ್ಲುವುದು. ಅಂಗಡಿಕಾರನ ಕೈಹಿಡಿದ ಮೇಲೆ ಅವಳಿಗೆ ಆ ಹಬ್ಬಕ್ಕೆ ಮಂದಿಯ ಹೊಲವೇ ಗತಿಯಾಗಿತ್ತು.

"ಈ ಸಲ ನನ್ನ ಹೊಲದಾಗ ನಾನ ಚರಗ ಚೆಲ್ತೀನಿ. ತವರುಮನಿ ಮಂದಿಗೆಲ್ಲಾ ಹೇಳಿ ಕಳಿಸೀನಿ. ಹಸರು ಹೊಲ ತೋರಸ್ರಿ ಸಾಕು, ಬ್ಯಾರೆ ಏನೂ ಬೇಡಾಂಗಿಲ್ಲ" ಎಂದಳು. ಬೇರೇನೂ ಬೇಡದ ಹೆಂಡತಿಗೆ ಹೆದರಬೇಕೆಂಬುದು ನನಗಾಗ ತಿಳಿದಿರಲಿಲ್ಲ.

ಅದೇ ದಿನಗಳಲ್ಲಿ ಬಾಗಲಕೋಟೆಗೆ ಹೋದವನು ಬಿಸಿಲಿಗೆ ಅಂಜಿ, ಫ್ಯಾನ್ ತಿರುಗುವುದು ಕಂಡು, ವಿದ್ಯಾಗಿರಿಯ ಒಂದು ಸಭೆಯೊಳಗೆ ನುಸುಳಿದೆ. ಗಡ್ಡದ ಪರಸ್ಥಳದವರೊಬ್ಬರು ಶಾಶ್ವತ ಬೇಸಾಯದ ಬಗ್ಗೆ ಮಾತಾಡುತ್ತಿದ್ದರು. ನೆಲ ಉಳಬೇಡಿ, ಬರಿಮೈ ಬಿಡಬೇಡಿ, ಹೊದಿಕೆ ಹೊದಿಸಿ. ಗಿಡ, ಬಳ್ಳಿ, ಕಾಳು ಎಲ್ಲ ಕೂಡಿ ಬೆಳೆಯಲಿ. ಪ್ರಾಣಿಗಳೂ ಹೊಲದೊಳಗೇ ಇರಲಿ ಎಂದರು. ಕೊತ್ತಂಬರಿ ಅಡುಗೆಮನೆಯ ಬಾಗಿಲಲ್ಲೇ ಇರಬೇಕು, ಕಾಡು ದೂರ ಇರಬೇಕು ಎಂದೂ ಹೇಳಿದರು. ನಮ್ಮ ಅಡುಗೆಮನೆಗೂ ಹೊಲಕ್ಕೂ ನಡುವೆ ಸರಕಾರಿ ಬಸ್ಸೇ ಓಡುತ್ತಿತ್ತು. ಆ ಮಾತು ಬಿಟ್ಟೆ. ಉಳುವ ಎತ್ತು ಬೇಡ, ಆಳು ಬೇಡ ಎಂಬುದಷ್ಟೇ ಕಿವಿಗೆ ಜೇನಾಯಿತು.

ಜೋಳ, ಕಡಲೆ, ಅಲಸಂದಿ, ಕುಸುಬಿ, ಕುಂಬಳ, ಬೇವು ಎಲ್ಲ ಬೀಜ ಒಂದೇ ಬುಟ್ಟಿಗೆ ಹಾಕಿ ಎರಚಿಸಿದೆ. ಮೇಲೆ ಜೋಳದ ಒಣದಂಟಿನ ಕಣಕಿ, ಸೇಂಗಾ ಹೊಟ್ಟು, ಕೈಗೆ ಸಿಕ್ಕ ಕಸವನ್ನೆಲ್ಲ ತೆಳ್ಳಗೆ ಹಾಸಿಸಿದೆ. ತೇಪೆ ತೇಪೆಯ ಕೌದಿ ಹೊದ್ದು ಮಲಗಿದಂತೆ ಕಂಡಿತು ಹೊಲ. ನೋಡಲು ಬಂದ ಮಾವನವರು ಬಗ್ಗಿ ಒಂದು ಹಿಡಿ ಕಣಕಿ ಎತ್ತಿ ನೋಡಿದರು.

"ಅಳಿಯಂದ್ರ, ಕಣಕಿ ದನಕ್ಕ ಹಾಕೂದು ನೋಡೀನಿ. ಹೊಲಕ್ಕ ಹಾಕೂದು ಇದ ಮೊದಲು. ಹೋಗ್ಲಿ, ಕುಸುಬಿಯರ ಸುತ್ತಲೂ ಹಾಕಬೇಕಿಲ್ರಿ? ಮುಳ್ಳಿಗೆ ಅಂಜಿ ದನ, ಕುರಿ ಒಳಗ ಬರಾಂಗಿಲ್ಲ."

"ಮಾವಾರ, ಇದು ಹೊಸಾ ಪದ್ಧತಿ. ಇದರಾಗ ಬೇಲಿ ಅನ್ನೂದಿಲ್ಲ" ಎಂದೆ.

ದೇವರು ದೊಡ್ಡವನು, ಎಲ್ಲ ಮೊಳೆಯಿತು. ಹೊದಿಕೆಯ ಕೆಳಗೆ ತೇವ ಆರಲಿಲ್ಲ. ಶಾಂತವ್ವ ಹಸಿರು ನೋಡಿ ಬಂದು ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಬಡಿಯಲು ಕುಳಿತಳು. ಹಬ್ಬದ ಹಿಂದಿನ ದಿನ ಹೊಲದ ಬಳಿ ಕುರಿ ಹಿಂಡಿನೊಂದಿಗೆ ಬೀರಪ್ಪ ಸಿಕ್ಕ. ರಾತ್ರಿ ಹೊಲದಲ್ಲಿ ಕುರಿ ತರುಬಿ ಮಲಗಿಸಿದರೆ ಗೊಬ್ಬರವಾಗುತ್ತದೆ, ಅದಕ್ಕೆ ಕುರಿಗಾರನಿಗೆ ಕಾಳು ಕೊಡುವುದು ರೂಢಿ. ಸುಗ್ಗಿಯಾದ ಮೇಲೆ, ಖಾಲಿ ಹೊಲದಲ್ಲಿ ಮಾತ್ರ ಎಂಬುದು ಹುನಗುಂದದ ಕುರಿಗಳಿಗೂ ಗೊತ್ತು. ನನಗೆ ಗಡ್ಡದವರ ಮಾತು ನೆನಪಾಯಿತು: ಪ್ರಾಣಿಗಳೂ ಒಳಗಿರಲಿ.

"ಒಂದ್ ಚೀಲ ಜ್ವಾಳ ಕೊಡ್ರಿ ಸಾವ್ಕಾರ್ರ, ಇವತ್ತ ನಿಲ್ಲಸ್ತೀನಿ."

"ಜ್ವಾಳಾ? ನಿನ್ನ ಕುರಿಗೆ ಮೆತ್ತನ್ನ ಹಾಸಿಗಿ ಹಾಸೀನಿ. ಬಾಡಗಿ ನೀನ ಕೊಡಬೇಕು!"

ಬೀರಪ್ಪ ಹೊಲ ನೋಡಿದ, ನನ್ನನ್ನು ನೋಡಿದ. "ಆತ್ರಿ. ಒಂದ್ ಕಂಬಳಿ ಕೊಡ್ತೀನಿ."

"ಹೊಸಾದು ಬೇಕು."

"ಹೊಸಾದ ತಗೋರಿ."

"ಮೂಲ್ಯಾಗಷ್ಟ ನಿಲ್ಲಸು" ಎಂದು ಎಚ್ಚರಿಸಿ, ಕಂಬಳಿ ಹೆಗಲಿಗೇರಿಸಿ, ದಂಡು ಗೆದ್ದವನಂತೆ ಬಸ್ ಹತ್ತಿದೆ.

ಮರುದಿನ ತವರುಮನೆಯ ದಿಬ್ಬಣ ಬುತ್ತಿ ಗಂಟುಗಳೊಂದಿಗೆ ಹೊಲದ ಬದುವಿಗೆ ಬಂದು ನಿಂತಿತು.

"ಅಳಿಯಂದ್ರ, ಹೊಲ ಎಲ್ಲೈತ್ರಿ?" ಎಂದರು ಮಾವ.

"ಇದರೀ."

"ಇದು ಕಣ ಅಲ್ಲೇನ್ರಿ?"

ರಾಶಿ ಮಾಡುವ ಕಣದಂತೆಯೇ ನುಣ್ಣಗಾಗಿತ್ತು ಹೊಲ. ಅಲ್ಲಲ್ಲಿ ಮುಳ್ಳಿನ ಕುಸುಬಿ ಮಾತ್ರ ನನ್ನನ್ನು ಅಣಕಿಸುತ್ತ ನಿಂತಿತ್ತು. ಬದುವಿನ ಆಚೆ ಬೀರಪ್ಪ ಕುರಿ ಕೂಡಿಸುತ್ತಿದ್ದ. ಕೂಗಾಡಿದೆ.

"ಮೂಲ್ಯಾಗ ನಿಲ್ಲಸಿದ್ನಿರಿ. ಹಾಸಿಗಿ ತಿಂದು ಮುಗಿಸಿದ್ವು, ಆಮ್ಯಾಲ ಹಸರು ಕಂಡ್ವು. ಪುಕ್ಕಟ ಮೇಯಿಸೀನೇನ್ರಿ? ಬಾಡಗಿ ಕೊಟ್ಟೀನಲ್ರಿ ಸಾವ್ಕಾರ್ರ!"

ಪಕ್ಕದ ಹೊಲದವರು ಮರುಗಿ ಕೂಗಿದರು: "ನಮ್ಮ ಹೊಲದಾಗ ಚೆಲ್ಲ ಬಾರವ್ವಾ."

"ಇಲ್ಲರಿ ಅಣ್ಣಾರ. ಈ ಸಲ ನನ್ನ ಹೊಲದಾಗ." ಶಾಂತವ್ವ ಸೆರಗು ಸಿಕ್ಕಿಸಿದಳು, ಬುಟ್ಟಿ ಎತ್ತಿದಳು, ಕುಸುಬಿ ಮುಳ್ಳಿನೊಳಗೆ ನಡೆದೇಬಿಟ್ಟಳು. "ಹುಲ್ಲುಲ್ಲಿಗ್ಯೋ" ಎಂದು ಚರಗದ ಕೂಗು ಹಾಕಿ ಮೊದಲ ಹಿಡಿ ಎರಚಿದ್ದೇ ತಡ, ಬೀರಪ್ಪನ ಕುರಿಗಳೆಲ್ಲ ಬದು ಹಾರಿ ಅವಳ ಬೆನ್ನು ಹತ್ತಿದವು. ಅವಳು ಎರಚುತ್ತ ಮುಂದೆ, ಅವು ಮುಕ್ಕುತ್ತ ಹಿಂದೆ. ಮಾವ ನಕ್ಕು ನಕ್ಕು ಬದುವಿನ ಮೇಲೆ ಕುಸಿದರು. ಕೊನೆಗೆ ಅವಳೂ ನಕ್ಕಳು. ನನ್ನ ಕಡೆ ತಿರುಗಿದಾಗ ಮಾತ್ರ ನಗು ನಿಲ್ಲಿಸಿದಳು.

ಅಂದಿನಿಂದ ಹೊಲ ಅವಳದು. ಹೊದಿಕೆ ಬಿಡಲಿಲ್ಲ, ಕೆಳಗಿನ ಮಣ್ಣು ಬೆಣ್ಣೆಯಾಗಿತ್ತಲ್ಲ. ಕುಸುಬಿಯನ್ನು ಸುತ್ತಲೂ ಸಾಲು ಹಿಡಿಸಿದಳು. ಮುಂದಿನ ಅಮಾವಾಸ್ಯೆಗೆ ಜೋಳದೊಳಗೆ ಹೊಕ್ಕ ಮಾವನವರ ತಲೆಯ ರುಮಾಲೂ ಕಾಣಲಿಲ್ಲ. ನಾನು ಬಡಿಗೆ ಹಿಡಿದು ಬದುವಿನ ಮೇಲೆ ಕುಳಿತು, ಹೋಗಿ ಬರುವವರಿಗೆ ಶಾಶ್ವತ ಬೇಸಾಯದ ಬಗ್ಗೆ ಸಲಹೆ ಕೊಡುತ್ತಿದ್ದೆ. ಕೂಡಲಸಂಗಮಕ್ಕೆ ಹೊರಟವರೊಬ್ಬರು ನಿಂತು ಕೇಳಿ, ತಲೆದೂಗಿ, "ಭಾಳ ಛಲೋ ಹೊಲರಿ. ನಿಮ್ಮದೇನ್ರಿ?" ಎಂದರು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಜೋಳದೊಳಗಿಂದ ಶಾಂತವ್ವನ ದನಿ ಬಂತು: "ಅಲ್ಲರಿ. ಅವರನ್ನ ಕುರಿ ಬರದಾಂಗ ಕಾಯಾಕ ಇಟ್ಟೀನಿ."

ಸಂಬಳದ ಮಾತು ಎತ್ತೋಣವೆಂದುಕೊಂಡೆ. ಅವಳ ಕೈಯಲ್ಲಿ ಕುಡುಗೋಲು ಇತ್ತು, ಚೌಕಾಸಿಗೆ ಇಳಿಯಲಿಲ್ಲ.