ಒಂದು ಕಂಪ್ಯೂಟರಿಗೆ ಒಂದಾಳು

"ಇವತ್ತಿಗೆ ಈ ಮನೆಯಲ್ಲಿ ಗುಲಾಮಗಿರಿ ಮುಗೀತು!"

ಚಲುವರಾಜು ಹಜಾರದ ನಟ್ಟನಡುವೆ ನಿಂತು ಹೀಗೆ ಘೋಷಿಸಿದಾಗ ಅವನ ಹೆಂಡತಿ ಕವಿತ ಸೊಪ್ಪು ಸೋಸುತ್ತಿದ್ದಳು.

"ಯಾರ್‍ದು? ನಂದಾ?"

"ನಿಂದಲ್ಲ, ಕಂಪ್ಯೂಟರಿಂದು!"

"ಓ, ಅಷ್ಟೇನಾ. ಒಂದು ಗಳಿಗೆ ಸುಮ್ನೆ ಖುಷಿಪಟ್ಟೆ," ಎಂದು ಅವಳು ಸೊಪ್ಪಿನ ಕಡೆ ತಿರುಗಿದಳು.

ಚಲುವರಾಜು ಮದ್ದೂರಿನ ಕಾಲೇಜೊಂದರಲ್ಲಿ ಅರ್ಥಶಾಸ್ತ್ರದ ಉಪನ್ಯಾಸಕ. ಮಳವಳ್ಳಿ ರಸ್ತೆಯ ತನ್ನ ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ನೇತಾಡಿಕೊಂಡು ಹೋಗಿ, ಏಕಸ್ವಾಮ್ಯ ಎಂದರೆ ಎಂಥ ಪಿಡುಗು ಎಂದು ಮಕ್ಕಳಿಗೆ ಪಾಠ ಹೇಳಿ ಬರುವವನು. ಅಂಥವನ ಮನೆಯ ಕಂಪ್ಯೂಟರಿಗೇ ಕಂಪನಿಯವರ ಸಂದೇಶ ಬಂದಿತ್ತು: ನಿಮ್ಮ ಯಂತ್ರ ಹಳೆಯದು, ಇನ್ನು ಮೇಲೆ ನಾವು ಇದರ ಯೋಗಕ್ಷೇಮ ನೋಡಿಕೊಳ್ಳುವುದಿಲ್ಲ, ಹೊಸದು ಕೊಳ್ಳಿ! ಚೆನ್ನಾಗಿ ಓಡುತ್ತಿರುವ ಯಂತ್ರವನ್ನು ಮುದಿ ಎಂದರೆ ಯಾರಿಗೆ ತಾನೇ ರೇಗುವುದಿಲ್ಲ? ಅವತ್ತೇ ಅವನು ಕಂಪನಿಯ ತಂತ್ರಾಂಶ ಕಿತ್ತುಹಾಕಿ, ಯಾರ ಒಡೆತನವೂ ಇಲ್ಲದ ಲಿನಕ್ಸ್ ಹಾಕುವ ಪಣ ತೊಟ್ಟ.

ಸಿಟ್ಟಿಗಿಂತ ಕುತೂಹಲವೇ ಹೆಚ್ಚಾಗಿತ್ತೆನ್ನಿ. ಯಾವ ವಸ್ತುವಿನ ಒಳಗೆ ಏನಿದೆ ಎಂದು ನೋಡದಿದ್ದರೆ ಅವನಿಗೆ ಉಂಡ ಅನ್ನ ಅರಗುತ್ತಿರಲಿಲ್ಲ. ಮಿಕ್ಸಿ ಬಿಚ್ಚುತ್ತಿದ್ದ, ಫ್ಯಾನು ಬಿಚ್ಚುತ್ತಿದ್ದ. ಮತ್ತೆ ಜೋಡಿಸಿದಾಗ ಒಂದೆರಡು ಸ್ಕ್ರೂ ಉಳಿದುಬಿಡುತ್ತಿದ್ದವು. ಅವು ಕಂಪನಿಯವರು ಅಂದಕ್ಕೆ ಹಾಕಿದ್ದು ಎಂದು ಅವನ ವಾದ.

ಆದರೆ ಈ ಸಲ ಒಂದು ಸ್ಕ್ರೂ ಕೂಡ ಉಳಿಯಲಿಲ್ಲ! ಪೆನ್‌ಡ್ರೈವಿನಿಂದ ಲಿನಕ್ಸ್ ಸಲೀಸಾಗಿ ಇಳಿಯಿತು. ಮುದಿ ಕಂಪ್ಯೂಟರು ಎಳೆಗರುವಿನ ಹಾಗೆ ನೆಗೆದಾಡತೊಡಗಿತು. ಪರದೆಯ ತುಂಬ ಕನ್ನಡ ಬೇರೆ! ಇದೇನು, ಅದೇನು ಎಂದು ಅವನು ಒಂದೊಂದನ್ನೇ ಒತ್ತಿ ನೋಡುತ್ತ ಕೂತಿದ್ದಾಗ ಅವನ ತಾಯಿ ಮಾಯಮ್ಮ ಹೊರಗಿನಿಂದ ಬಂದಳು.

ಮಾಯಮ್ಮನ ಮುಖ ಬಾಡಿತ್ತು. ನಾಲೆಗೆ ನೀರು ಬಂದಾಗಿತ್ತು, ಗದ್ದೆ ಕೆಸರು ಮಾಡಿಸಿಯಾಗಿತ್ತು, ಸಸಿ ಬೆಳೆಸುವ ಒಟ್ಲಿನಲ್ಲಿ ಭತ್ತದ ಪೈರು ಬೆಳೆದು ನಿಂತಿತ್ತು. ಇಲ್ಲದಿದ್ದುದು ನಾಟಿಗೆ ಆಳು. ಗಟ್ಟಿಮುಟ್ಟಾದ ಹೆಂಗಸರೆಲ್ಲ ಗಾರ್ಮೆಂಟ್ಸಿಗೆ ಹೋಗುತ್ತಿದ್ದರು, ಉಳಿದವರಿಗೆ ಅವರವರ ಗದ್ದೆಯೇ ಸಾಕಾಗಿತ್ತು. ಈ ವಾರ ನಾಟಿ ಆಗದಿದ್ದರೆ ಪೈರು ಬಲಿತು ದನಕ್ಕೆ ಹಾಕಬೇಕಾಗುತ್ತಿತ್ತು. ಗಂಡ ಹೋದ ಮೇಲೂ ಒಂದು ವರ್ಷ ಗದ್ದೆ ಬೀಳುಬಿಟ್ಟವಳಲ್ಲ ಅವಳು.

"ಏನ್ಲಾ ಅದು, ಕನ್ನಡದಲ್ಲಿ ಬರ್‍ದದೆ? ಎಷ್ಟ್ ಕೊಟ್ಟೆ?"

"ಒಂದು ಪೈಸೆನೂ ಇಲ್ಲ ಕಣವ್ವ."

"ಕದ್ಕೊಂಡ್ ಬಂದ್ಯಾ?"

"ಅಯ್ಯೋ, ಇಲ್ಲ ಕಣವ್ವ! ಅವ್ರೇ ಕೊಡ್ತಾರೆ. ಒಬ್ಬ ಒಂದು ತುಂಡು ಬರೀತಾನೆ, ಇನ್ನೊಬ್ಬ ತಪ್ಪು ತಿದ್ತಾನೆ, ಮತ್ತೊಬ್ಬ ಕನ್ನಡ ಮಾಡ್ತಾನೆ. ಹೆಂಗ್ ಮಾಡುದ್ವಿ ಅನ್ನೋದ್ನೂ ಮುಚ್ಚಿಡಲ್ಲ."

"ಯಾವೂರ್‍ನೋರು?"

"ಎಲ್ಲಾ ಊರ್‍ನೋರೂ. ದೇಶ ದೇಶದೋರು."

"ನಮ್ ಪೈಕಿಯೋರು ಯಾರಾರ ಅವ್ರಾ?"

"ಅದು ಗೊತ್ತಿಲ್ಲ ಕಣವ್ವ."

"ಮತ್ತೆ ಬಿಟ್ಟಿ ಯಾಕ್ಲಾ ಮಾಡ್ತಾರೆ? ಒಟ್ಟೆಗೇನ್ ತಿಂದಾರು?"

ಚಲುವರಾಜು ತಲೆ ಕೆರೆದುಕೊಂಡ. ಅರ್ಥಶಾಸ್ತ್ರದ ಯಾವ ಸಿದ್ಧಾಂತವೂ ಅವನ ತಾಯಿಯ ಪ್ರಶ್ನೆಗೆ ಸಾಲಲಿಲ್ಲ. ಆಮೇಲೆ ಹೊಳೆಯಿತು. "ನಮ್ ಮುಯ್ಯಾಳ್ ಇದ್ದಂಗೆ ಕಣವ್ವ! ಇವತ್ತು ನಾನು ನಿನ್ ಗದ್ದೆಗೆ, ನಾಳೆ ನೀನು ನನ್ ಗದ್ದೆಗೆ. ದುಡ್ಡಿನ ಮಾತೇ ಇಲ್ಲ."

"ಅಂಗನ್ನು ಮತ್ತೆ!" ಮಾಯಮ್ಮನ ಮುಖ ಅರಳಿತು. "ಓದ್ದೋರು ಇದ್ನ ಈಗ ಕಂಡಿಡುದ್ರಾ?" ಪರದೆಯ ಮೇಲಿನ ಅಕ್ಷರಗಳನ್ನು ಬೆರಳಿಟ್ಟು ಒಂದೊಂದಾಗಿ ಓದಿದಳು. ಮುಖ ಕಾಣದ ಯಾರೋ ಎಲ್ಲೋ ಕೂತು ತನ್ನಂಥವಳಿಗೂ ತಿಳಿಯಲಿ ಎಂದು ಬರೆದಿದ್ದಾರೆಂಬುದು ಅವಳ ಮನಸ್ಸಿಗೆ ತಾಕಿತು. ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದಳು, "ಸರಿ, ನೀನು ಅವ್ರಿಗೆ ಮುಯ್ಯಿ ಏನ್ಲಾ ಮಾಡ್ದೆ?"

"ನಾನಾ? ನಾನು... ಪ್ರಚಾರ ಮಾಡ್ತೀನಿ! ಬೇಕಾದೋರ್‍ಗೆಲ್ಲ ಹಾಕ್ಕೊಡ್ತೀನಿ!"

"ಆಯ್ತು ಬುಡು," ಎಂದವಳೇ ಮಾಯಮ್ಮ ಮತ್ತೆ ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಎಲ್ಲಿಗೆ ಎಂದು ಚಲುವರಾಜು ಕೇಳಲಿಲ್ಲ. ಅವನು ಆಗ ಪರದೆಯ ಬಣ್ಣ ಬದಲಾಯಿಸುವುದರಲ್ಲಿ ಮುಳುಗಿದ್ದ.

ಭಾನುವಾರ ಬೆಳಿಗ್ಗೆ ಬಾಗಿಲು ತೆಗೆದರೆ ಜಗಲಿಯ ಮೇಲೆ ಕಂಪ್ಯೂಟರುಗಳ ಸಂತೆ! ಕೆಳಗಿನ ಬೀದಿಯ ದೇವರಾಜು ತನ್ನದನ್ನು ಗೊಬ್ಬರದ ಚೀಲದಲ್ಲಿ ಸುತ್ತಿ ಬೈಕಿನ ಮೇಲೆ ತಂದಿದ್ದ. ಅದೇ ಬೀದಿಯ ಅಂಕಮ್ಮನ ಮನೆಯಿಂದ ಧೂಳು ಹಿಡಿದ ಇನ್ನೊಂದು ಬಂದಿತ್ತು, ಬೇರೆ ಮನೆಗಳಿಂದ ಇನ್ನೂ ನಾಲ್ಕೈದು. ಆಷಾಢಕ್ಕೆ ತವರಿಗೆ ಬಂದಿದ್ದ ದೀಪಿಕ, ಅಂದರೆ ಪಕ್ಕದ ಬೀದಿಯ ಸೋಮಮ್ಮನ ಮಗಳು, ಹಳೆಯ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ನಿಂತಿದ್ದಳು.

ಚಲುವರಾಜುವಿನ ಎದೆ ಉಬ್ಬಿತು. ಪಂಚೆ ಸರಿಮಾಡಿಕೊಂಡು ಮೆಟ್ಟಿಲ ಮೇಲೆ ನಿಂತ. "ಬಂಧುಗಳೇ! ಮಹಾಕ್ರಾಂತಿಗಳೆಲ್ಲ ಹುಟ್ಟೋದು ಇಂಥ ಜಗಲಿಗಳ ಮೇಲೇನೇ..."

"ಅದೆಲ್ಲ ಇರ್‍ಲಿ ಕಣಣ್ಣ," ಎಂದ ದೇವರಾಜು. "ನಮ್ಮವ್ವ ಆಗ್ಲೇ ಗದ್ದೆಗೆ ಇಳ್ದವ್ಳೆ. ನಂದು ಮಧ್ಯಾನ್ದೊತ್ಗೆ ಆಗೋಯ್ತದಾ?"

"ಯಾವ ಗದ್ದೆ?"

"ನಿಮ್ದೇ ಅಣ್ಣ," ಎಂದಳು ದೀಪಿಕ. "ಒಂದು ಕಂಪ್ಯೂಟರಿಗೆ ಒಂದಾಳು ಅಂತ ನಿಮ್ಮವ್ವ ಮನೆಮನೆಗೂ ಬಂದು ಹೇಳ್ಲಿಲ್ವಾ? ಗಾರ್ಮೆಂಟ್ಸಿಗೆ ಹೋಗೋರೂ ರಜದ ದಿನ ಅಂತ ಒಪ್ಕೊಂಡವ್ರೆ. ನಮ್ಮವ್ವಾನೇ ಮುಂದಾಳು."

ಬಾಗಿಲಲ್ಲಿ ನಿಂತಿದ್ದ ಕವಿತ ಕಿಸಕ್ಕೆಂದು ನಕ್ಕಳು. ಉಬ್ಬಿದ ಎದೆ ಸ್ವಲ್ಪ ಇಳಿಯಿತು, ಆದರೂ ಕ್ರಾಂತಿ ಯಾವ ದಾರಿಯಲ್ಲಿ ಬಂದರೇನು ಎಂದು ಚಲುವರಾಜು ಸಮಾಧಾನ ಮಾಡಿಕೊಂಡ. ದೇವರಾಜುವಿನದು ಆಯಿತು, ಅಂಕಮ್ಮನ ಮನೆಯದೂ ಆಯಿತು, ಮಿಕ್ಕವೂ ಒಂದೊಂದಾಗಿ ಆದವು. ಕೊನೆಗೆ ದೀಪಿಕಳ ಲ್ಯಾಪ್‌ಟಾಪು.

"ಅಣ್ಣ, ಇದ್ರಲ್ಲಿ ನನ್ನ ಮದ್ವೆ ಫೋಟೋ ಎಲ್ಲಾ ಅವೆ."

"ಮೊದ್ಲು ಅದನ್ನ ಜೋಪಾನ ಮಾಡಿ," ಎಂದಳು ಕವಿತ.

"ನಂಗೇ ಹೇಳ್ಕೊಡ್ತೀಯಾ?" ಎಂದು ಚಲುವರಾಜು ಫೋಟೋಗಳನ್ನೆಲ್ಲ ಒಂದೂ ಬಿಡದೆ ತನ್ನ ಇನ್ನೊಂದು ಪೆನ್‌ಡ್ರೈವಿಗೆ ತುಂಬಿಸಿದ. ಆಮೇಲೆ ಲ್ಯಾಪ್‌ಟಾಪನ್ನು ಪೂರ್ತಿ ಖಾಲಿ ಮಾಡಿ ಹೊಸ ವ್ಯವಸ್ಥೆಗೆ ಒಪ್ಪಿಸಿದ. ಅದು ತೆವಳಿತು, ಏದುಸಿರು ಬಿಟ್ಟಿತು. ಈ ಬಡಯಂತ್ರಕ್ಕೆ ಇನ್ನೂ ಹಗುರವಾದ ಲಿನಕ್ಸ್ ಬೇಕು ಎಂದು ತೀರ್ಮಾನಿಸಿ, ಹಗುರವಾದುದನ್ನು ತಂದು, ಮೇಜಿನ ಮೇಲೆ ಕೈಗೆ ಸಿಕ್ಕ ಪೆನ್‌ಡ್ರೈವಿಗೆ ಹಾಕತೊಡಗಿದ. "ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಸರಿಯೇ?" ಎಂದು ಪರದೆ ಕೇಳಿತು.

"ನೋಡ್ದ್ಯಾ? ಎಂಥಾ ಮರ್ಯಾದೆ! ಕೇಳ್ದೆ ಏನೂ ಮಾಡಲ್ಲ ಇದು," ಎಂದು ಹೊಗಳುತ್ತ 'ಸರಿ' ಒತ್ತಿದ.

"ರೀ," ಎಂದಳು ಕವಿತ. "ಫೋಟೋ ತುಂಬ್ಸಿದ್ದು ಯಾವುದ್ರಲ್ಲಿ?"

ಚಲುವರಾಜು ಮೇಜಿನ ಮೇಲೆ ಉಳಿದಿದ್ದ ಪೆನ್‌ಡ್ರೈವನ್ನು ನೋಡಿದ. ಯಂತ್ರಕ್ಕೆ ಚುಚ್ಚಿದ್ದನ್ನು ನೋಡಿದ. ಎರಡೂ ಕಾಲೇಜಿನ ಒಂದೇ ವಿಚಾರ ಸಂಕಿರಣದಲ್ಲಿ ಕೊಟ್ಟ ಒಂದೇ ಬಣ್ಣದವು! ಬಿತ್ತನೆ ರಾಗಿಯನ್ನೇ ಬೀಸಿ ಮುದ್ದೆ ಕಟ್ಟಿದ ಹಾಗಾಗಿತ್ತು. ಲ್ಯಾಪ್‌ಟಾಪಿನಲ್ಲೂ ಇಲ್ಲ, ಪೆನ್‌ಡ್ರೈವಿನಲ್ಲೂ ಇಲ್ಲ. ಧಾರೆಯಿಲ್ಲ, ಬೀಗರ ಊಟವಿಲ್ಲ, ಅಳಿಯನೂ ಇಲ್ಲ! ದೀಪಿಕ ಅಳುತ್ತಲೇ ಅವ್ವನಿಗೆ ಫೋನು ಮಾಡಿದಳು.

ಕ್ರಾಂತಿಕಾರಿ ಬರಿಗಾಲಲ್ಲಿ ಗದ್ದೆಗೆ ಓಡಿದ. ಹಿಂದೆಯೇ ಕವಿತ.

ಅಲ್ಲಿ ಅರ್ಧ ಗದ್ದೆ ಹಸಿರಾಗಿತ್ತು, ಇನ್ನರ್ಧ ಬರೀ ಕೆಸರು. ಸೋಮಮ್ಮ ಕೈಕಾಲು ತೊಳೆದುಕೊಂಡು ಬದುವಿನ ಮೇಲೆ ಕೂತಿದ್ದಳು. ಮುಂದಾಳೇ ಕೂತ ಮೇಲೆ ಉಳಿದವರು ನಿಲ್ಲುತ್ತಾರೆಯೇ? ಎಲ್ಲರೂ ಸಾಲಾಗಿ ಕೂತು ಎಲೆಅಡಿಕೆ ಹಾಕುತ್ತಿದ್ದರು. ಬೆಳಿಗ್ಗೆ ಕಿತ್ತ ಪೈರಿನ ಕಂತೆಗಳು ಬಿಸಿಲಿನಲ್ಲಿ ಬಿದ್ದಿದ್ದವು. ಮಾಯಮ್ಮ ಅವುಗಳ ಮೇಲೆ ನೀರು ಚಿಮುಕಿಸುತ್ತ ಅತ್ತಿಂದಿತ್ತ ಓಡಾಡುತ್ತಿದ್ದಳು.

"ಚಿಕ್ಕವ್ವ, ತಪ್ಪಾಯ್ತು," ಎಂದ ಚಲುವರಾಜು.

"ನನ್ ಮಗಳ ಮದ್ವೇನೇ ಅಳಿಸ್ಬುಟ್ಯಲ್ಲೋ! ಪೋಟ ಬರ್‍ಲಿ, ಆಮೇಲೆ ಗದ್ದೆಗಿಳೀತೀವಿ."

ಕವಿತ ಮದುವೆಗೆ ಫೋಟೋ ತೆಗೆದ ಮಳವಳ್ಳಿಯ ಸ್ಟುಡಿಯೋದವನಿಗೆ ಫೋನು ಹಚ್ಚಿದಳು. ಅವನು ಮಂಡ್ಯದ ಯಾವುದೋ ನಾಮಕರಣದಲ್ಲಿದ್ದ. ಅಂಗಡಿಗೆ ಹೋಗಿ ನೋಡಿದರೆ ಸಿಕ್ಕರೂ ಸಿಗಬಹುದು, ಸಾಯಂಕಾಲ ಹೇಳುತ್ತೇನೆ ಎಂದ.

"ಸಾಯಂಕಾಲ್ದೊತ್ಗೆ ಕಿತ್ತ ಪೈರು ಏನಾಯ್ತದೆ ಗೊತ್ತಾ?" ಮಾಯಮ್ಮ ಬಾಡುತ್ತಿದ್ದ ಒಂದು ಕಂತೆ ಎತ್ತಿ ತೋರಿಸಿದಳು. ಮರುಗಳಿಗೆಗೆ ಮಗನ ಕಡೆ ತಿರುಗಿದಳು. "ಏನ್ಲಾ ನೋಡ್ತಾ ನಿಂತಿದ್ದೀಯ? ಇಳೀಲಾ!"

ಚಲುವರಾಜು ಪಂಚೆ ಎತ್ತಿ ಕಟ್ಟಿ ಇಳಿದ. ಕವಿತಳೂ ಸೀರೆ ಸಿಕ್ಕಿಸಿಕೊಂಡು ಇಳಿದಳು. ಅವಳು ದುದ್ದ ಎಂಬ ಊರಿನ ಬೇಸಾಯಗಾರರ ಮನೆಯ ಹುಡುಗಿ, ಅವಳ ಕೈಗೆ ಪೈರು ತಾನಾಗಿ ಕೂರುತ್ತಿತ್ತು. ಚಲುವರಾಜು ನೆಟ್ಟದ್ದರಲ್ಲಿ ಕೆಲವು ಮುಳುಗಿದವು, ಕೆಲವು ತೇಲಿದವು, ಕೆಲವನ್ನು ಅವನೇ ಹಿಂದೆ ಸರಿಯುವಾಗ ತುಳಿದ. ಒಂದು ಸಲ ಪೈರಿನ ಜೊತೆ ಅವನೂ ನಾಟಿಯಾದ! ಬದುವಿನ ಮೇಲೆ ನಗು ಎದ್ದಿತು. ಸೋಮಮ್ಮ ಮೊದಮೊದಲು ಬಿಮ್ಮನೆ ಕೂತಿದ್ದಳು, ಆಮೇಲೆ ಕುತೂಹಲ ತಡೆಯಲಾಗದೆ ಬಗ್ಗಿ ನೋಡಿದಳು.

"ಅಯ್ಯೋ, ಬುಡ್ಲಾ! ಚಿನ್ನದಂಥ ಪೈರ ಕೊಲ್ತಾವ್ನಲ್ಲಪ್ಪ!" ಎಂದು ಕೂಗಿ ಕೆಸರಿಗೆ ಧುಮುಕಿದಳು. ಅವನು ನೆಟ್ಟಿದ್ದನ್ನೆಲ್ಲ ಕಿತ್ತು ಮತ್ತೆ ನೆಡತೊಡಗಿದಳು. ಮುಂದಾಳು ಇಳಿದ ಮೇಲೆ ಉಳಿದವರೂ ಇಳಿದರು. ಹೊತ್ತು ಮುಳುಗುವ ಮುಂಚೆ ಗದ್ದೆ ತುಂಬಿತು. ಮಾಯಮ್ಮ ಬದುವಿನ ಮೇಲೆ ನಿಂತು ಉದ್ದಕ್ಕೂ ಕಣ್ಣು ಹಾಯಿಸಿ, ಅವತ್ತು ಮೊದಲ ಸಲ ನಿರಾಳವಾಗಿ ಉಸಿರು ಬಿಟ್ಟಳು. ಅಷ್ಟು ಹೊತ್ತಿಗೆ ಸ್ಟುಡಿಯೋದವನ ಫೋನೂ ಬಂತು. ಫೋಟೋಗಳೆಲ್ಲ ಅವನ ಹತ್ತಿರ ಹಾಗೇ ಇದ್ದವು!

ಚಲುವರಾಜುವಿಗೆ ಹೋದ ಜೀವ ಬಂದಂತಾಯಿತು. ಜೀವದ ಜೊತೆ ಜಂಬವೂ ಬಂತು. ಕೆಸರು ಮೆತ್ತಿದ ಮೀಸೆ ತಿರುವಿಕೊಂಡು ಸೋಮಮ್ಮನ ಮುಂದೆ ನಿಂತ.

"ಚಿಕ್ಕವ್ವ, ನಿನ್ ಮಗಳ ಲ್ಯಾಪ್‌ಟಾಪು ನಾನು ಕೆಡಿಸ್ದೆ, ಹಂಗಾಗಿ ನಿನ್ ಮುಯ್ಯಿ ನನ್ ಮೇಲೆ ಉಳ್ಕೊಂಡದೆ. ಬುಧವಾರ ನಿಮ್ ಗದ್ದೆ ನಾಟಿ ಅಲ್ವಾ? ಕಾಲೇಜಿಗೆ ರಜ ಹಾಕಿ ನಾನೇ ಬತ್ತೀನಿ!"

ಸೋಮಮ್ಮ ಬೆಚ್ಚಿಬಿದ್ದು ಎರಡೂ ಕೈ ಜೋಡಿಸಿದಳು.

"ಬ್ಯಾಡ ಕಣಪ್ಪಾ, ನಿನ್ ದಮ್ಮಯ್ಯ! ನೀನು ಮನೇಲಿ ಕುಂತು ಆ ಲ್ಯಾಪ್‌ಟಾಪೇ ರಿಪೇರಿ ಮಾಡು. ಅದ್ರಲ್ಲಿ ನೀನು ಕೈ ಇಕ್ಕುದ್ರೆ ಪೋಟ ಓಯ್ತದೆ, ಗದ್ದೇಲಿ ಇಕ್ಕುದ್ರೆ ಅನ್ನವೇ ಓಯ್ತದೆ. ಮುಯ್ಯಿಗೆ ನಿನ್ ಎಂಡ್ತೀನ ಕಳಿಸು!"