ನಿಂತ ಮುಳ್ಳಿನ ಹೊಸ ವಾಚು, ಭಾವನ ಹಳೇ ಮಾಡೆಲ್ಲು

ದುಬಾರಿ ವಸ್ತು ಕೊಂಡವನಿಗೆ ಅದನ್ನು ಬಳಸಲು ಬಾರದಿದ್ದರೆ ಇರುವುದು ಎರಡೇ ದಾರಿ. ಕಲಿಯಬೇಕು, ಇಲ್ಲವೇ ಹೊಗಳಿಕೊಂಡು ತಿರುಗಬೇಕು. ನಾನು ಎರಡನೆಯದನ್ನು ಹಿಡಿದವನು. ಮೊಬೈಲ್ ಇನ್ನೂ ಎಲ್ಲರ ಜೇಬಿಗೆ ಬಾರದಿದ್ದ ಕಾಲ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಸೀರೆ ಮಾರುವವನಿಗೆ ಸೆಕೆಂಡನ್ನೂ ಹೋಳು ಮಾಡಿ ಅಳೆಯುವ ಸ್ವಿಸ್ ಕ್ರೋನೋಗ್ರಾಫ್ ವಾಚು ಯಾಕೆಂದು ಊರಲ್ಲಿ ಯಾರೂ ಕೇಳಲಿಲ್ಲ. ಅದರ ನಡುವಿನ ಉದ್ದ ಮುಳ್ಳು ಗುಂಡಿ ಒತ್ತುವವರೆಗೂ ಹನ್ನೆರಡರ ಮೇಲೆ ಸುಮ್ಮನೆ ನಿಂತಿರುತ್ತದೆ. ಹೆಂಡತಿ ಮಾತ್ರ ಅದನ್ನು ನೋಡಿ, "ಅಷ್ಟು ದುಡ್ಡು ಕೊಟ್ಟು ನಿಂತೋಗಿರೋ ವಾಚ್ ತಂದ್ರಾ?" ಎಂದಳು.

ಅವಳಣ್ಣ ಚಂದ್ರಣ್ಣ ಭಾವ ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಫೋರ್‌ಮನ್ ಆಗಿ ನಿವೃತ್ತರಾದವರು. ನನ್ನ ವಾಚಿನ ಕಂಪನಿಯದೇ, ಅಂಥದೇ ಗುಂಡಿಗಳಿದ್ದ ಹಳೇ ಮಾಡೆಲ್ ಅವರ ಕೈಯಲ್ಲಿತ್ತು. ಜರ್ಮನ್ ಎಂಜಿನಿಯರ್ ಒಬ್ಬ ಊರಿಗೆ ಮರಳುವಾಗ ಕೊಟ್ಟದ್ದು. ಈಗ ಕಂಪನಿಯೇ ಅದನ್ನು ಮಾಡುವುದು ಬಿಟ್ಟಿದೆ. ನ್ಯೂ ಟೌನಿನ ಅವರ ಮನೆಗೆ ಹೋದಾಗಲೆಲ್ಲ ನಾವಿಬ್ಬರೂ ಪಂಜಾ ಕುಸ್ತಿಗೆ ಕೂತವರಂತೆ ಮೇಜಿನ ಮೇಲೆ ಕೈ ಇಡುತ್ತಿದ್ದೆವು. ನನ್ನದಕ್ಕೆ ಕೀ ಕೊಡಬೇಕಿಲ್ಲ, ತಾರೀಖು ಇದೆ, ಗಾಜಿಗೆ ಗೀರು ಬೀಳುವುದಿಲ್ಲ, ಹಿಂದೆಯೂ ಗಾಜಿರುವುದರಿಂದ ಒಳಗಿನ ಚಕ್ರಗಳು ಕಾಣುತ್ತವೆ ಎಂದು ನಾನು ಪಟ್ಟಿ ಒಪ್ಪಿಸುತ್ತಿದ್ದೆ.

"ಹಿಂದಿನ ಗಾಜು ಯಾರಿಗೆ ಮಾರಾಯ್ರೆ, ನಿಮ್ಮ ಮಣಿಕಟ್ಟು ನೋಡೋಕಾ?" ಎನ್ನುತ್ತಿದ್ದರು ಭಾವ. "ನಮ್ದು ತೆಳ್ಳಗಿದೆ, ಅಂಗಿ ತೋಳೊಳಗೆ ಹೋಗುತ್ತೆ. ನಿಮ್ದು ಕೈಗೆ ಕುಕ್ಕರ್ ಕಟ್ಕೊಂಡಂಗಿದೆ."

ಒಂದು ಭಾನುವಾರ ಬೆಳಿಗ್ಗೆಯೇ ಶುರುವಾದ ಈ ವಾದವನ್ನು ಹೊತ್ತುಕೊಂಡೇ ಸಂಜೆ ಮೈದಾನಕ್ಕೆ ವಾಕಿಂಗ್ ಹೋದೆವು. ಅಲ್ಲಿ ಡ್ರಿಲ್ ಮೇಷ್ಟ್ರೊಬ್ಬರು ಜಿಲ್ಲಾ ತಂಡಕ್ಕೆ ಹುಡುಗಿಯರನ್ನು ಆರಿಸುತ್ತಿದ್ದರು. ಕೊನೆಗೆ ಉಳಿದವಳು ಹೊಳಲೂರಿನ ಶಾಹಿನಾ. ನಾನೂರು ಮೀಟರನ್ನು ಎಪ್ಪತ್ತು ಸೆಕೆಂಡಿನೊಳಗೆ ಓಡಿದರೆ ತಂಡಕ್ಕೆ, ಇಲ್ಲವಾದರೆ ಮನೆಗೆ. ಅಷ್ಟರಲ್ಲಿ ಮೇಷ್ಟ್ರ ಸ್ಟಾಪ್‌ವಾಚಿನ ಸೆಲ್ ಮುಗಿಯಿತು. ಅವರ ಕಣ್ಣು ನಮ್ಮ ಕೈಗಳ ಮೇಲೆ ಬಿತ್ತು.

"ನೀವಿಬ್ರೂ ಟೈಮ್ ಹಿಡಿದ್ಬಿಡಿ ಸರ್. ಎಂಥಾ ವಾಚಿದೆ!"

ಸೀಟಿ ಊದಿದರು, ಇಬ್ಬರೂ ಗುಂಡಿ ಒತ್ತಿದೆವು. ಹುಡುಗಿ ಬರಿಗಾಲಲ್ಲಿ ಗಾಳಿಯಂತೆ ಓಡಿ ಗೆರೆ ದಾಟಿದಳು. ನಾನು ಮೇಲಿನ ಗುಂಡಿ ಒತ್ತಿ ಮುಳ್ಳು ನಿಲ್ಲಿಸಿದೆ. ಗಟ್ಟಿಯಾಗಿ ನಿಲ್ಲಲಿ ಎಂದು ಕೆಳಗಿನದನ್ನೂ ಒತ್ತಿದೆ. ಮುಳ್ಳು ಟಣ್ಣನೆ ಹನ್ನೆರಡಕ್ಕೆ ಹಾರಿ ಏನೂ ಆಗದಂತೆ ನಿಂತಿತು. ಗಾಬರಿಯಿಂದ ಭಾವನ ವಾಚಿಗೆ ಇಣುಕಿದೆ. ವಾದದ ಭರದಲ್ಲಿ ಅವರು ಬೆಳಿಗ್ಗೆ ಕೀ ಕೊಡುವುದನ್ನೇ ಮರೆತಿದ್ದರು. ಅದು ಇಪ್ಪತ್ತೆರಡನೇ ಸೆಕೆಂಡಿಗೇ ಉಸಿರು ಬಿಟ್ಟಿತ್ತು.

"ಎಷ್ಟಾಯ್ತು ಸರ್?" ಶಾಹಿನಾ ಏದುಸಿರು ಬಿಡುತ್ತ ಕೇಳಿದಳು.

ಅರವತ್ತೆಂಟು ಎಂದುಬಿಡೋಣವೇ ಎಂದು ನಾಲಿಗೆ ತುರಿಸಿತು. ಆದರೆ ಭಾವ ತಲೆ ತಗ್ಗಿಸಿ, "ತಪ್ಪಾಯ್ತಮ್ಮ, ನಂದು ನಿಂತೋಯ್ತು" ಎಂದರು. "ನಂದು ಅಳಿಸೋಯ್ತು" ಎಂದೆ ನಾನು.

ಅವಳು ನಮ್ಮಿಬ್ಬರನ್ನೂ ಒಮ್ಮೆ ನೋಡಿದಳು. ಅತ್ತಿದ್ದರೆ ಸಮಾಧಾನವನ್ನಾದರೂ ಹೇಳಬಹುದಿತ್ತು. "ಸೆಲ್ ತರ್ಸಿ ಸರ್, ಇನ್ನೊಂದ್ಸಲ ಓಡ್ತೀನಿ" ಎಂದು ಮೇಷ್ಟ್ರಿಗೆ ಹೇಳಿ, ನೆಲದ ಮೇಲೆ ಕೂತು ಕಾಲು ಒತ್ತಿಕೊಳ್ಳತೊಡಗಿದಳು. ಮೇಷ್ಟ್ರ ಸ್ಕೂಟರಿನಲ್ಲಿ ಸೆಲ್ ತಂದವರು ನಾವೇ. ಎರಡನೇ ಓಟದುದ್ದಕ್ಕೂ ನಾನು ಅವಳ ಚಪ್ಪಲಿಯನ್ನೂ ಭಾವ ಅವಳ ಚೀಲವನ್ನೂ ಹಿಡಿದು ನಿಂತೆವು. ಪ್ಲಾಸ್ಟಿಕ್ ಸ್ಟಾಪ್‌ವಾಚು ಅರವತ್ತೊಂಬತ್ತು ಎಂದಿತು. ಸೀರೆ ಅಂಗಡಿ ಸಾಹುಕಾರ ಚಪ್ಪಲಿ ಎತ್ತಿಕೊಂಡು ಕುಣಿದದ್ದನ್ನು ನ್ಯೂ ಟೌನಿನವರು ಬಹಳ ದಿನ ಹೇಳಿಕೊಂಡು ನಕ್ಕರಂತೆ.

ಚಪ್ಪಲಿ ಇಸಿದುಕೊಳ್ಳಲು ಬಂದ ಶಾಹಿನಾ, "ಟೈಮೆಷ್ಟು ಅಂಕಲ್? ನಂಗೆ ಬಸ್ಸಿದೆ" ಎಂದಳು. ಕ್ಷಮಿಸಿದಳಲ್ಲ ಎಂದು ಹಿಗ್ಗಿದ ನಾನು ಅಂಗಿಯ ತೋಳು ಮಡಿಸಿ, ಗತ್ತಿನಿಂದ ಕೈ ಎತ್ತಿ, "ಐದೂ ಇಪ್ಪತ್ತು" ಎಂದೆ.

"ಥ್ಯಾಂಕ್ಸ್ ಅಂಕಲ್" ಎಂದವಳು, ನೇರ ಕಡಲೆಕಾಯಿ ಗಾಡಿಯವನ ಹತ್ತಿರ ಹೋಗಿ ಅದನ್ನೇ ಮತ್ತೆ ಕೇಳಿದಳು.